ಐವತ್ತೈದರೊಳಗೇ ಮಂಡಿ ಸವೆದರೆ: ನಾಲ್ಕು ದಾರಿಗಳಲ್ಲಿ ಯಾವುದು ಯಾರಿಗೆ?

ವಯಸ್ಸು ನಲವತ್ತೆಂಟು, ಮಂಡಿಯ ಒಳಬದಿ ಸವೆದಿದೆ. ಒಬ್ಬ ಡಾಕ್ಟರು ಈಗಲೇ ಮಂಡಿ ಬದಲಾಯಿಸಿಬಿಡಿ ಅಂದರು, ಇನ್ನೊಬ್ಬರು ಅರವತ್ತರವರೆಗೆ ಹೇಗಾದರೂ ತಳ್ಳಿ ಅಂದರು, ಮೂರನೆಯವರು ಮೂಳೆ ಕೊಯ್ದು ಕಾಲು ನೇರ ಮಾಡೋಣ ಅಂದರು. ಹೀಗೆ ಸಿಕ್ಕಿಕೊಂಡವರು ಈಗ ಬಹಳ ಮಂದಿ. ಎಪ್ಪತ್ತು ದಾಟಿದವರಿಗೆ ಈ ಗೊಂದಲ ಅಷ್ಟಿಲ್ಲ, ಪೂರ್ತಿ ಬದಲಾಯಿಸಿದ ಮಂಡಿ ಬಹುತೇಕ ಅವರ ಆಯುಷ್ಯದುದ್ದಕ್ಕೂ ಬಾಳಿಕೆ ಬರುತ್ತದೆ. ಐವತ್ತೈದರೊಳಗಿನವರ ಲೆಕ್ಕವೇ ಬೇರೆ. ಇನ್ನೂ ಮೂವತ್ತು ವರ್ಷ ನಡೆಯಬೇಕು, ಅದರಲ್ಲಿ ಹತ್ತು ಹದಿನೈದು ವರ್ಷ ದುಡಿಯಬೇಕು. ಆದ್ದರಿಂದ ಈ ಆಪರೇಷನ್ ನೋವು ಕಳೆಯುತ್ತದೆಯೇ ಎಂದು ಕೇಳಿದರೆ ಸಾಲದು, ಇದು ಕೈಕೊಟ್ಟ ದಿನ ಮುಂದೇನು ಉಳಿದಿರುತ್ತದೆ ಎಂದೂ ಕೇಳಬೇಕು. ಮೊದಲ ಆಪರೇಷನ್ ಆರಿಸುವಾಗಲೇ ಎರಡನೆಯದರ ಯೋಚನೆ ಇರಬೇಕು. ದಾರಿಗಳು ನಾಲ್ಕು: ಆಪರೇಷನ್ ಇಲ್ಲದೆ ನಿಭಾಯಿಸುವುದು, ಮೂಳೆ ಕೊಯ್ದು ಕಾಲು ತಿದ್ದುವುದು, ಸವೆದ ಒಂದು ಬದಿಯನ್ನಷ್ಟೇ ಬದಲಾಯಿಸುವುದು (ಅರ್ಧ ಬದಲಾವಣೆ), ಪೂರ್ತಿ ಮಂಡಿ ಬದಲಾಯಿಸುವುದು.

ಯಾವುದನ್ನು ನೋಡಿ ಅಳೆಯಬೇಕು

ಮೊದಲನೆಯದು, ಸವೆತ ಎಲ್ಲಿದೆ, ಎಷ್ಟಿದೆ. ಮಂಡಿಯಲ್ಲಿ ಮೂರು ಭಾಗ: ಒಳಬದಿ, ಹೊರಬದಿ, ಚಿಪ್ಪಿನ ಹಿಂಬದಿ. ನಮ್ಮಲ್ಲಿ ಕಾಲು ಬಿಲ್ಲಿನಂತೆ ಬಾಗಿ ಒಳಬದಿ ಮೊದಲು ಸವೆಯುವವರೇ ಹೆಚ್ಚು. ಒಂದೇ ಭಾಗ ಸವೆದಿದ್ದರೆ ನಾಲ್ಕೂ ದಾರಿ ತೆರೆದಿರುತ್ತವೆ, ಮೂರೂ ಸವೆದಿದ್ದರೆ ಎರಡೇ. ಇದು ಗೊತ್ತಾಗುವುದು ನಿಂತು ತೆಗೆಸಿದ ಎಕ್ಸ್‌ರೇಯಲ್ಲಿ. ಮಲಗಿಸಿ ತೆಗೆದರೆ ಮಂಡಿಯ ಮೇಲೆ ಮೈಭಾರ ಬೀಳುವುದಿಲ್ಲ, ಪೂರ್ತಿ ಸವೆದಿದ್ದರೂ ಎರಡು ಮೂಳೆಗಳ ನಡುವೆ ಜಾಗ ಇರುವಂತೆ ಕಾಣುತ್ತದೆ. ನಿಂತು ಎದುರಿನಿಂದ ಒಂದು, ಮಂಡಿ 45 ಡಿಗ್ರಿ ಬಗ್ಗಿಸಿ ನಿಂತಾಗ ಒಂದು, ಪಕ್ಕದಿಂದ ಒಂದು, ಚಿಪ್ಪಿಗೆಂದೇ ಒಂದು, ಸೊಂಟದಿಂದ ಪಾದದ ಕೀಲಿನವರೆಗೆ ಇಡೀ ಕಾಲಿನದು ಒಂದು. ಇಷ್ಟು ಕೈಯಲ್ಲಿಲ್ಲದೆ ಯಾರಾದರೂ ಆಪರೇಷನ್ನಿನ ಹೆಸರು ಹೇಳಿದರೆ ಅವಸರವಾಯಿತೆಂದೇ ತಿಳಿಯಿರಿ. ಸವೆತ ಎಕ್ಸ್‌ರೇಯಲ್ಲೇ ಚೆನ್ನಾಗಿ ಕಾಣುತ್ತಿದ್ದರೆ ಎಂಆರ್‌ಐಗೆ ದುಡ್ಡು ಸುರಿಯುವ ಅಗತ್ಯವಿಲ್ಲ.

ಎಕ್ಸ್‌ರೇ ನೋಡಿ ಡಾಕ್ಟರು ಸವೆತಕ್ಕೆ 0ಯಿಂದ 4ರವರೆಗೆ ಗ್ರೇಡ್ ಕೊಡುತ್ತಾರೆ. ಗ್ರೇಡ್ 4 ಎಂದರೆ ಮೂಳೆ ತುದಿಯ ನುಣುಪು ಹೊದಿಕೆಯಾದ ಮೃದ್ವಸ್ಥಿ ಹೋಗಿ ಮೂಳೆಗೆ ಮೂಳೆ ತಾಗಿದೆ ಎಂದು. ಗ್ರೇಡ್ 2ರಲ್ಲೇ ಮಂಡಿ ಬದಲಾಯಿಸಿಕೊಂಡವರಲ್ಲಿ ‘ಆಪರೇಷನ್ ಆದಮೇಲೂ ನೋವು ಹಾಗೇ ಇದೆ’ ಎನ್ನುವವರು ಹೆಚ್ಚು. ನೋವು ಜೋರಾಗಿದ್ದು ಎಕ್ಸ್‌ರೇ ಸೌಮ್ಯವಾಗಿದ್ದರೆ ನೋವಿನ ಮೂಲ ಸೊಂಟದ ಕೀಲಿನಲ್ಲೋ ಬೆನ್ನಿನ ನರದಲ್ಲೋ ಇದೆಯೇ ಎಂದು ಹುಡುಕಬೇಕು.

ಎರಡನೆಯದು ನಿಮ್ಮ ಕೆಲಸ ಮತ್ತು ಕೂರುವ ರೀತಿ. ಗದ್ದೆಯಲ್ಲಿ ನಾಟಿ ಮಾಡುವವರು, ಕಾಫಿ ತೋಟದ ಇಳಿಜಾರಿನಲ್ಲಿ ಹತ್ತಿಳಿಯುವವರು, ನೆಲದ ಮೇಲೆ ಕೂತು ಮಗ್ಗ ನಡೆಸುವವರು, ಕಂಪ್ಯೂಟರ್ ಮುಂದೆ ಕೂರುವವರು, ಎಲ್ಲರಿಗೂ ಒಂದೇ ಉತ್ತರ ಇರಲಾರದು. ಮೂರನೆಯದು ಮೈ: ತೂಕ, ಸಕ್ಕರೆ, ಬೀಡಿ ಸಿಗರೇಟು, ರುಮಟಾಯ್ಡ್ ಸಂಧಿವಾತ (ಮೈಯ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ರೋಗ). ನಾಲ್ಕನೆಯದು ಹಣ. ಇದರಲ್ಲಿ ಆಪರೇಷನ್ನಿನ ಬಿಲ್ ಜೊತೆಗೆ ದುಡಿಮೆ ನಿಲ್ಲುವ ತಿಂಗಳುಗಳನ್ನೂ, ಮುಂದೆ ಬರಬಹುದಾದ ಎರಡನೇ ಆಪರೇಷನ್ನನ್ನೂ ಸೇರಿಸಿಕೊಳ್ಳಿ.

ಇಪ್ಪತ್ತು ವರ್ಷದ ಲೆಕ್ಕ ಏನು ಹೇಳುತ್ತದೆ

ಬ್ರಿಟನ್ನಿನಲ್ಲಿ 1991ರಿಂದ 2011ರ ನಡುವೆ ಮಂಡಿ ಬದಲಾಯಿಸಿಕೊಂಡ ಐವತ್ತು ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ಜಾಲಾಡಿದ ಅಧ್ಯಯನವೊಂದು 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎಪ್ಪತ್ತು ದಾಟಿ ಮಾಡಿಸಿಕೊಂಡವರಿಗೆ ಜೀವಮಾನದಲ್ಲಿ ಮರು ಆಪರೇಷನ್ ಬೇಕಾಗುವ ಸಾಧ್ಯತೆ ನೂರಕ್ಕೆ ಸುಮಾರು 5. ಐವತ್ತರ ಆರಂಭದ ಗಂಡಸರಿಗೆ ಅದು ನೂರಕ್ಕೆ 35ರವರೆಗೆ. ಅದೇ ವಯಸ್ಸಿನ ಹೆಂಗಸರಿಗೆ ನೂರಕ್ಕೆ ಸುಮಾರು 20.

ಈ 35 ಎಂಬ ಅಂಕಿ ತೋರಿಸಿಯೇ ಎಷ್ಟೋ ಜನರನ್ನು ‘ಅರವತ್ತಾಗಲಿ’ ಎಂದು ವಾಪಸ್ ಕಳಿಸುತ್ತಾರೆ. ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನೂ ಓದಬೇಕು. ಅರವತ್ತರೊಳಗಿನವರಲ್ಲಿ ಮರು ಆಪರೇಷನ್ ಆದವರ ಪೈಕಿ ಅರ್ಧದಷ್ಟು ಜನರಿಗೆ ಅದು ಆದದ್ದು ಮೊದಲ 4.4 ವರ್ಷದೊಳಗೆ. ಹೊಸ ಮಂಡಿಯ ಲೋಹದ ಭಾಗಗಳ ನಡುವೆ ಇಡುವ ಪ್ಲಾಸ್ಟಿಕ್ ನಾಲ್ಕು ವರ್ಷದಲ್ಲಿ ಸವೆಯುವುದಿಲ್ಲ. ಅಷ್ಟು ಬೇಗ ಕೈಕೊಡುವುದಕ್ಕೆ ಕಾರಣ ಸೋಂಕು, ಮಂಡಿ ಸಡಿಲವಾಗಿ ಅಲ್ಲಾಡುವುದು, ಗಟ್ಟಿಯಾಗಿ ಬಗ್ಗದಿರುವುದು, ಜೋಡಣೆ ಓರೆಯಾಗುವುದು, ಇಲ್ಲವೇ ಬದಲಾಯಿಸಬೇಕಿರದ ಮಂಡಿಯನ್ನು ಬದಲಾಯಿಸಿದ್ದು. ಇವು ಸರ್ಜನ್ನರ ಕೈಯಲ್ಲಿ, ತಯಾರಿಯಲ್ಲಿ, ರೋಗಿಯ ಆಯ್ಕೆಯಲ್ಲಿ ಇರುವ ಸಂಗತಿಗಳು. ಬರೀ ವಯಸ್ಸು ಕಾದರೆ ಇವು ಸರಿಹೋಗುವುದಿಲ್ಲ.

2019ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಇನ್ನೊಂದು ಲೆಕ್ಕದ ಪ್ರಕಾರ, ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ, ಪೂರ್ತಿ ಬದಲಾಯಿಸಿದ ನೂರು ಮಂಡಿಗಳಲ್ಲಿ ಸುಮಾರು 82, ಅರ್ಧ ಬದಲಾಯಿಸಿದ ನೂರರಲ್ಲಿ ಸುಮಾರು 70 ಇಪ್ಪತ್ತೈದು ವರ್ಷ ಬಾಳುತ್ತವೆ. ನಿಜವಾಗಿ ಭಯಪಡಬೇಕಾದ್ದು ಮರು ಆಪರೇಷನ್ನಿನ ಸರಪಳಿಗೆ. ಮೊದಲ ಮರು ಆಪರೇಷನ್ ಆದವರಲ್ಲಿ ಐದಕ್ಕೊಬ್ಬರಿಗೆ 13 ವರ್ಷದೊಳಗೆ ಮತ್ತೊಂದು ಬೇಕಾಗುತ್ತದೆ. ಎರಡನೆಯದಾದವರಲ್ಲಿ ಐದಕ್ಕೊಬ್ಬರಿಗೆ 5 ವರ್ಷದೊಳಗೇ. ಪ್ರತಿ ಸಲವೂ ಮೂಳೆ ಕಡಿಮೆಯಾಗುತ್ತದೆ, ಮುಂದಿನ ಆಪರೇಷನ್‌ವರೆಗಿನ ಅಂತರ ಕುಗ್ಗುತ್ತದೆ.

ದಾರಿ ಒಂದು: ಆಪರೇಷನ್ ಇಲ್ಲದೆ

ಇದನ್ನು ಕಾಲ ತಳ್ಳುವ ಉಪಾಯ ಎಂದು ನೋಡುವವರೇ ಹೆಚ್ಚು, ಹಾಗಾಗಿ ಯಾರೂ ಸರಿಯಾಗಿ ಮಾಡುವುದಿಲ್ಲ. ಡೆನ್ಮಾರ್ಕಿನಲ್ಲಿ ಮಂಡಿ ಬದಲಾವಣೆಗೆ ಅರ್ಹರಾಗಿದ್ದ 100 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್ ಜೊತೆ ವ್ಯಾಯಾಮ, ಇನ್ನೊಂದಕ್ಕೆ ವ್ಯಾಯಾಮ, ತೂಕ ಇಳಿಕೆ, ಔಷಧಿ ಮಾತ್ರ ಕೊಟ್ಟರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಆಪರೇಷನ್ ಆದವರ ಸುಧಾರಣೆ ಸುಮಾರು ಎರಡು ಪಟ್ಟು, ಆದರೆ ಗಂಭೀರ ತೊಂದರೆಗಳೂ ಅವರಲ್ಲೇ ಜಾಸ್ತಿ. ಆಪರೇಷನ್ ಇಲ್ಲದ ಗುಂಪಿನಲ್ಲಿ ಒಂದು ವರ್ಷದೊಳಗೆ ಆಪರೇಷನ್‌ಗೆ ಹೋದವರು ಕಾಲು ಭಾಗ ಮಾತ್ರ.

ಸರಿಯಾಗಿ ಮಾಡುವುದೆಂದರೆ ಕನಿಷ್ಠ 12 ವಾರ, ವಾರಕ್ಕೆ ಮೂರು ದಿನ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 10 ಸಲ, ಮೂರು ಸುತ್ತು. ಮಲಗಿ ಕಾಲು ನೇರ ಎತ್ತಿ 5 ಸೆಕೆಂಡು ಹಿಡಿಯುವುದು, ನಂತರ ಕಣಕಾಲಿಗೆ ಅರ್ಧ ಕೆಜಿ ತೂಕ ಕಟ್ಟಿ ಮೆಲ್ಲಗೆ ಏರಿಸುವುದು. ಗಿಡ್ಡ ಮೆಟ್ಟಿಲ ಮೇಲೆ ಹತ್ತಿ ಇಳಿಯುವುದು. ಮಾಡುವಾಗ ಸ್ವಲ್ಪ ನೋವು ಬಂದರೆ ಹೆದರಬೇಕಿಲ್ಲ, ಮರುದಿನ ಬೆಳಿಗ್ಗೆಯೂ ಜಾಸ್ತಿ ಉಳಿದಿದ್ದರೆ ಮಾತ್ರ ಪ್ರಮಾಣ ಇಳಿಸಿ. ತೂಕದ ಮಾತು ಬಂದರೆ, ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಒತ್ತಡ ನಾಲ್ಕು ಕೆಜಿಯಷ್ಟು ಇಳಿಯುತ್ತದೆ. ಊರುಗೋಲು ಹಿಡಿಯುವುದಾದರೆ ನೋಯುವ ಕಾಲಿನ ಎದುರು ಕೈಯಲ್ಲಿ ಹಿಡಿಯಿರಿ.

ಇಂಜೆಕ್ಷನ್ನುಗಳ ವಿಷಯದಲ್ಲಿ ನೇರವಾಗಿ ಹೇಳಿಬಿಡಬೇಕು. ಸ್ಟೀರಾಯ್ಡ್ ಕೆಲವು ವಾರ ಆರಾಮ ಕೊಡುತ್ತದೆ, ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಹಾಕಿಸಿಕೊಂಡವರಲ್ಲಿ ಮೃದ್ವಸ್ಥಿ ಇನ್ನಷ್ಟು ತೆಳುವಾದದ್ದು ಕಂಡುಬಂದಿದೆ. ಹಾಕಿಸಿಕೊಂಡ ಮೂರು ತಿಂಗಳೊಳಗೆ ಮಂಡಿ ಬದಲಾಯಿಸಿದರೆ ಸೋಂಕಿನ ಅಪಾಯ ಹೆಚ್ಚು. ಪಿಆರ್‌ಪಿಯನ್ನು (ರೋಗಿಯ ರಕ್ತದಿಂದಲೇ ಬೇರ್ಪಡಿಸಿದ ಪ್ಲೇಟ್‌ಲೆಟ್ ದ್ರವ) ಬರೀ ಉಪ್ಪುನೀರಿನ ಇಂಜೆಕ್ಷನ್‌ಗೆ ಹೋಲಿಸಿ 288 ಜನರ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಒಂದು ವರ್ಷದ ನಂತರ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಗ್ರೇಡ್ 4 ಮಂಡಿಗೆ ‘ಸ್ಟೆಮ್ ಸೆಲ್’ ಹೆಸರಲ್ಲಿ ಲಕ್ಷಗಟ್ಟಲೆ ಕೇಳಿದರೆ ಆ ದುಡ್ಡನ್ನು ಆಪರೇಷನ್‌ಗೆ ಉಳಿಸಿಕೊಳ್ಳಿ. ದುರ್ಬೀನು ಹಾಕಿ ಮಂಡಿ ತೊಳೆಯುವುದರಿಂದ ಸವೆತದ ನೋವಿಗೆ ಪ್ರಯೋಜನವಿಲ್ಲ ಎಂಬುದು 2002ರಿಂದಲೇ ಗೊತ್ತಿರುವ ಸಂಗತಿ.

ಗ್ರೇಡ್ 3ರವರೆಗೆ ಇರುವ ಎಲ್ಲರೂ ಮೊದಲು ಇದನ್ನೇ ಪೂರ್ತಿ ಮಾಡಬೇಕು. ಗ್ರೇಡ್ 4 ಇದ್ದು ರಾತ್ರಿ ನಿದ್ದೆ ಕೆಡುತ್ತಿದ್ದರೆ, ಕಾಲು ನೇರ ಮಾಡಲಾಗದಂತೆ ಮಂಡಿ ಗಟ್ಟಿಯಾಗುತ್ತಿದ್ದರೆ ವರ್ಷಗಟ್ಟಲೆ ಕಾಯುವುದು ನಷ್ಟ. ಸ್ನಾಯು ಕರಗಿ, ಮಂಡಿ ಮಡಚಿಕೊಂಡ ಮೇಲೆ ಮಾಡಿದ ಆಪರೇಷನ್ನಿನ ಫಲ ಅಷ್ಟಕ್ಕಷ್ಟೇ.

ದಾರಿ ಎರಡು: ಮೂಳೆ ಕೊಯ್ದು ಕಾಲು ತಿದ್ದುವುದು

ಒಂದೇ ಬದಿಗೆ ತುಳಿದು ಸವೆಸಿದ ಚಪ್ಪಲಿಯನ್ನು ನೆನೆಸಿಕೊಳ್ಳಿ. ಇಲ್ಲಿ ಚಪ್ಪಲಿ ಬದಲಾಯಿಸುವುದಿಲ್ಲ, ತುಳಿತವನ್ನು ತಿದ್ದುತ್ತಾರೆ. ಮಂಡಿಯ ಕೆಳಗಿನ ಕಾಲಿನ ದೊಡ್ಡ ಮೂಳೆಯನ್ನು ಒಳಬದಿಯಿಂದ ಕೊಯ್ದು, ಹೊರಬದಿಯಲ್ಲಿ ಸುಮಾರು ಒಂದು ಸೆಂಟಿಮೀಟರ್ ಮೂಳೆಯನ್ನು ಬಾಗಿಲ ತಿರುಗಣಿಯಂತೆ ಹಾಗೇ ಬಿಟ್ಟು, ಕೊಯ್ದ ಬಾಯನ್ನು ಮೆಲ್ಲಗೆ ಅಗಲಿಸಿ ಪ್ಲೇಟು ಸ್ಕ್ರೂ ಹಾಕುತ್ತಾರೆ. ಎಷ್ಟು ಮಿಲಿಮೀಟರ್ ಅಗಲಿಸಬೇಕು ಎಂಬುದು ಇಡೀ ಕಾಲಿನ ಎಕ್ಸ್‌ರೇಯಲ್ಲಿ ಮೊದಲೇ ಗೆರೆ ಎಳೆದು ನಿರ್ಧಾರವಾಗುತ್ತದೆ. ಮೈಭಾರದ ಗೆರೆ (ಸೊಂಟದ ಕೀಲಿನಿಂದ ಪಾದದ ಕೀಲಿಗೆ ಎಳೆದದ್ದು) ಸವೆದ ಒಳಬದಿಯಿಂದ ನಡುಭಾಗ ದಾಟಿ ತುಸು ಹೊರಗೆ ಬೀಳಬೇಕು. ಕಡಿಮೆ ತಿದ್ದಿದರೆ ಕೆಲವೇ ವರ್ಷದಲ್ಲಿ ನೋವು ಮರಳುತ್ತದೆ, ಹೆಚ್ಚು ತಿದ್ದಿದರೆ ಹೊರಬದಿ ಸವೆಯಲು ಶುರು.

ಇದರ ದೊಡ್ಡ ಲಾಭ, ಮಂಡಿ ನಿಮ್ಮದೇ ಉಳಿಯುತ್ತದೆ. ಮೂಳೆ ಕೂಡಿದ ಮೇಲೆ ಕುಕ್ಕರಗಾಲಲ್ಲಿ ಕೂರಬಹುದು, ಚಕ್ಕಂಬಕ್ಕಳ ಹಾಕಬಹುದು, ಮೂಟೆ ಹೊರಬಹುದು. ಲೋಹ ಸವೆಯುತ್ತದೆಂಬ ಚಿಂತೆಯಿಲ್ಲ. ಸರಿಯಾದವರಿಗೆ ಮಾಡಿದರೆ ಹತ್ತು ವರ್ಷದ ನಂತರವೂ ನೂರರಲ್ಲಿ 80ರಿಂದ 90 ಜನರು ಮಂಡಿ ಬದಲಾವಣೆಯಿಲ್ಲದೆ ಇರುತ್ತಾರೆ. ಮುಂದೆ ಪೂರ್ತಿ ಬದಲಾವಣೆ ಬೇಕಾದರೂ ದಾರಿ ಮುಚ್ಚಿಲ್ಲ. ಹಳೆಯ ಪ್ಲೇಟು ತೆಗೆಯಬೇಕು, ಅಳತೆ ಸ್ವಲ್ಪ ಕಷ್ಟ, ಆದರೂ ಮಾಡಬಹುದು.

ನಷ್ಟ ಏನೆಂದರೆ ಚೇತರಿಕೆ ನಿಧಾನ. ಆರು ವಾರದವರೆಗೆ ವಾಕರ್ ಅಥವಾ ಊರುಗೋಲು, ಮೂಳೆ ಕೂಡಲು ಮೂರು ತಿಂಗಳು, ಹೊಲದ ಕೆಲಸಕ್ಕೆ ನಾಲ್ಕರಿಂದ ಆರು ತಿಂಗಳು. ತೆಳ್ಳಗಿನ ಮೈಯವರಿಗೆ ಪ್ಲೇಟು ಚರ್ಮದಡಿ ಚುಚ್ಚುತ್ತದೆ, ವರ್ಷದ ನಂತರ ತೆಗೆಸಬೇಕಾಗಬಹುದು. ತಿರುಗಣಿಯಂತೆ ಬಿಟ್ಟ ಮೂಳೆ ಬಿರುಕು ಬಿಟ್ಟರೆ ಕೂಡುವುದು ತಡವಾಗುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಮೂಳೆ ಕೂಡದೇ ಉಳಿಯುವ ಅಪಾಯ ಎಷ್ಟೆಂದರೆ, ಬಿಡದಿದ್ದರೆ ಈ ಆಪರೇಷನ್ ಮಾಡಲೇಬಾರದು ಎನ್ನುವ ಸರ್ಜನ್ನರೊಂದಿಗೆ ನಮ್ಮ ಪೂರ್ಣ ಸಹಮತವಿದೆ. ಹೊರಬದಿ ಚೆನ್ನಾಗಿರಬೇಕು, ಮಂಡಿ ನೂರು ಡಿಗ್ರಿಗಿಂತ ಹೆಚ್ಚು ಬಗ್ಗಬೇಕು, ಬಹುತೇಕ ನೇರವಾಗಬೇಕು. ರುಮಟಾಯ್ಡ್ ಇರುವವರಿಗೆ ಇದು ಅಲ್ಲ, ಅಲ್ಲಿ ರೋಗ ಇಡೀ ಕೀಲಿನ ಪೊರೆಯಲ್ಲಿರುತ್ತದೆ.

ಕಾಲು ಬಿಲ್ಲಿನಂತೆ ಬಾಗಿರುವ, ನಲವತ್ತರ ಆಸುಪಾಸಿನ, ಮೈಮುರಿದು ದುಡಿಯುವವರಿಗೆ ಈ ಆಪರೇಷನ್ ಎಷ್ಟು ಹೊಂದುತ್ತದೋ ಅಷ್ಟು ನಮ್ಮಲ್ಲಿ ನಡೆಯುತ್ತಿಲ್ಲ ಎಂಬುದು ಬೇಸರದ ಸಂಗತಿ. ಡಾಕ್ಟರು ಹೇಳದಿದ್ದರೆ ನೀವೇ ಕೇಳಿ.

ದಾರಿ ಮೂರು: ಅರ್ಧ ಮಂಡಿ ಬದಲಾವಣೆ

ಸವೆದ ಒಂದು ಬದಿಗೆ ಮಾತ್ರ ಲೋಹ, ಪ್ಲಾಸ್ಟಿಕ್. ಉಳಿದ ಭಾಗ, ನಡುವಿನ ಎಸಿಎಲ್ ಲಿಗಮೆಂಟ್ (ಮೂಳೆಗಳನ್ನು ಬಿಗಿಹಿಡಿಯುವ ಪಟ್ಟಿ) ಹಾಗೇ ಇರುತ್ತವೆ, ಅದಕ್ಕೇ ನಡೆಯುವಾಗ ಸ್ವಂತ ಮಂಡಿಯಂತೆ ಅನ್ನಿಸುತ್ತದೆ. ಗಾಯ ಚಿಕ್ಕದು, ರಕ್ತ ಕಡಿಮೆ, ಸೋಂಕು ಕಡಿಮೆ, ನಾಲ್ಕರಿಂದ ಆರು ವಾರದಲ್ಲಿ ಕುರ್ಚಿ ಕೆಲಸಕ್ಕೆ ಹೋಗಬಹುದು, ಬಗ್ಗುವುದೂ ಹೆಚ್ಚು.

ಬೆಲೆ ತೆರಬೇಕಾದ್ದು ಬಾಳಿಕೆಯಲ್ಲಿ. ಬ್ರಿಟನ್ನಿನ ಕೀಲು ಬದಲಾವಣೆಗಳ ನೋಂದಣಿ ದಾಖಲೆಗಳ ಪ್ರಕಾರ ಎಂಟು ವರ್ಷದಲ್ಲಿ ಮರು ಆಪರೇಷನ್ ಪೂರ್ಣ ಬದಲಾವಣೆಗಿಂತ ಎರಡು ಪಟ್ಟು. ಇದಕ್ಕೆ ಒಂದು ಕಾರಣ, ನೋವು ಉಳಿದರೆ ಅರ್ಧವನ್ನು ಪೂರ್ತಿಗೆ ಬದಲಾಯಿಸಲು ಸರ್ಜನ್ ಹಿಂಜರಿಯುವುದಿಲ್ಲ, ಪೂರ್ತಿಯನ್ನು ಮತ್ತೆ ಬಿಚ್ಚಲು ಹಿಂಜರಿಯುತ್ತಾರೆ. ಇನ್ನೊಂದು, ಉಳಿದ ಬದಿ ಸವೆಯುವುದು. ಮೂರನೆಯದು ಕೈಚಳಕ: ವರ್ಷಕ್ಕೆ ನಾಲ್ಕೈದು ಮಾಡುವವರ ಫಲಿತಾಂಶಕ್ಕೂ, ತಾವು ಮಾಡುವ ಮಂಡಿಗಳಲ್ಲಿ ಐದನೇ ಒಂದಕ್ಕಿಂತ ಹೆಚ್ಚು ಅರ್ಧ ಬದಲಾವಣೆಯೇ ಮಾಡುವವರ ಫಲಿತಾಂಶಕ್ಕೂ ಅಜಗಜಾಂತರ. ಪ್ಲಾಸ್ಟಿಕ್ ತುಂಡು ಒಳಗೆ ಜಾರಾಡುವ ವಿನ್ಯಾಸ ಆರಿಸಿದ್ದರೆ, ನೆಲದ ಮೇಲೆ ಪೂರ್ತಿ ಮಡಚಿ ಕೂರುವ ಅಭ್ಯಾಸದವರಲ್ಲಿ ಅದು ಜಾಗ ತಪ್ಪುವ ಅಪಾಯವಿದೆ. ಅಂಥವರು ಪ್ಲಾಸ್ಟಿಕ್ ಸ್ಥಿರವಾಗಿರುವ ವಿನ್ಯಾಸದ ಬಗ್ಗೆ ವಿಚಾರಿಸಬೇಕು.

ಮುಂದೆ ಪೂರ್ತಿ ಬದಲಾವಣೆ ಮಾಡುವುದು ಸುಲಭ ಎಂದು ಹೇಳುವುದುಂಟು. ಮೊದಲ ಸಲ ಮೂಳೆ ಮಿತವಾಗಿ ಕೊಯ್ದಿದ್ದರೆ ಅದು ನಿಜ. ಆಳವಾಗಿ ಕೊಯ್ದಿದ್ದರೆ ಎರಡನೇ ಸಲ ಉದ್ದ ಕಂಬಿ, ಲೋಹದ ತುಂಡುಗಳ ಆಸರೆ ಬೇಕಾಗುತ್ತದೆ. ಅರ್ಧ ಬದಲಾವಣೆ ಹೊಂದಬೇಕಾದರೆ ಒಳಬದಿ ಗ್ರೇಡ್ 4 ಇರಬೇಕು, ಎಸಿಎಲ್ ಗಟ್ಟಿಯಿರಬೇಕು, ಹೊರಬದಿಯ ಮೃದ್ವಸ್ಥಿ ಪೂರ್ತಿ ದಪ್ಪವಿರಬೇಕು. ಅರ್ಧಂಬರ್ಧ ಸವೆದ ಮಂಡಿಗೆ ಮಾಡಿದರೆ ನೋವು ಉಳಿಯುವುದು ಖಚಿತ ಎನ್ನುವಷ್ಟು ಸಾಮಾನ್ಯ.

ದಾರಿ ನಾಲ್ಕು: ಪೂರ್ಣ ಬದಲಾವಣೆ

ಮೂರೂ ಭಾಗ ಸವೆದವರಿಗೆ, ರುಮಟಾಯ್ಡ್ ಇರುವವರಿಗೆ, ಹಳೆಯ ಮೂಳೆಮುರಿತದಿಂದ ಕೀಲು ಹಾಳಾದವರಿಗೆ, ಹಿಮೋಫಿಲಿಯಾದಿಂದ (ರಕ್ತ ಸರಿಯಾಗಿ ಹೆಪ್ಪುಗಟ್ಟದ ರೋಗ) ಮಂಡಿಯೊಳಗೆ ಪದೇ ಪದೇ ರಕ್ತ ಸೋರಿ ಹಾಳಾದವರಿಗೆ ವಯಸ್ಸು ಮೂವತ್ತೈದಾಗಿದ್ದರೂ ಇದೇ ದಾರಿ. ಇಂಥವರನ್ನು ‘ವಯಸ್ಸಾಗಲಿ’ ಎಂದು ಗಾಲಿಕುರ್ಚಿಯಲ್ಲಿ ಕೂರಿಸುವುದು ಅನ್ಯಾಯ. ದುಡಿಯುವ, ಮಕ್ಕಳನ್ನು ಬೆಳೆಸುವ ವರ್ಷಗಳು ಮರಳಿ ಬರುವುದಿಲ್ಲ.

ರುಮಟಾಯ್ಡ್ ಇದ್ದರೆ ಕೆಲವು ವಿಶೇಷ ಎಚ್ಚರ. ರೋಗವನ್ನು ಹಿಡಿತದಲ್ಲಿಡುವ ಮೆಥೊಟ್ರೆಕ್ಸೇಟ್ ಔಷಧಿಯನ್ನು ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಬಯೊಲಾಜಿಕ್ ಇಂಜೆಕ್ಷನ್ (ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವಂಥದ್ದು) ತೆಗೆದುಕೊಳ್ಳುತ್ತಿದ್ದರೆ ಒಂದು ಡೋಸ್ ಬಿಟ್ಟು, ಅದರ ಅವಧಿ ಮುಗಿಯುವ ಹೊತ್ತಿಗೆ ಆಪರೇಷನ್ ಇಟ್ಟುಕೊಳ್ಳುತ್ತಾರೆ. ಅರಿವಳಿಕೆಗೆ ಮುಂಚೆ ಕುತ್ತಿಗೆಯ ಎಕ್ಸ್‌ರೇ ಬೇಕು. ಹಿಮೋಫಿಲಿಯಾ ಇದ್ದರೆ ಆಪರೇಷನ್ ದಿನದಿಂದ ವಾರಗಟ್ಟಲೆ ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಿಸುವ ಔಷಧಿ) ಸಿಗುವ ವ್ಯವಸ್ಥೆ ಆಗದೆ ದಿನ ಗೊತ್ತು ಮಾಡಬೇಡಿ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಂಥ ಕಡೆ ಮಾರ್ಗದರ್ಶನ ಸಿಗುತ್ತದೆ.

ಉಳಿದವರು ತಿಳಿದಿರಬೇಕಾದ ಸತ್ಯ: ಐವರಲ್ಲಿ ಒಬ್ಬರು ಪೂರ್ಣ ತೃಪ್ತರಾಗಿರುವುದಿಲ್ಲ. ಮಂಡಿ ಸಾಮಾನ್ಯವಾಗಿ 110ರಿಂದ 130 ಡಿಗ್ರಿ ಬಗ್ಗುತ್ತದೆ. ಕುಕ್ಕರಗಾಲಿಗೆ ಅದಕ್ಕಿಂತ ಹೆಚ್ಚು ಬೇಕು. ‘ಹೈ ಫ್ಲೆಕ್ಸ್’ (ಹೆಚ್ಚು ಬಗ್ಗುವ) ಇಂಪ್ಲಾಂಟ್, ಅಂದರೆ ಕೃತಕ ಮಂಡಿ, ಹಾಕಿದರೆ ನೆಲದ ಮೇಲೆ ಕೂರಬಹುದು ಎಂಬ ಮಾತಿಗೆ ಹೋಲಿಕೆಯ ಅಧ್ಯಯನಗಳು ಬೆಂಬಲ ಕೊಟ್ಟಿಲ್ಲ. ಆಪರೇಷನ್‌ಗೆ ಮುಂಚೆ ಎಷ್ಟು ಬಗ್ಗುತ್ತಿತ್ತೋ ಅದೇ ಮುಂದಿನದಕ್ಕೆ ಒಳ್ಳೆಯ ಅಂದಾಜು. ಹಣ ಹೆಚ್ಚು ಕೊಡುವುದಿದ್ದರೆ ಸವೆತ ಕಡಿಮೆಯಿರುವ ಕ್ರಾಸ್‌ಲಿಂಕ್ ಪ್ಲಾಸ್ಟಿಕ್‌ಗೆ ಕೊಡಿ, ಆಸ್ಟ್ರೇಲಿಯಾದ ನೋಂದಣಿಯಲ್ಲಿ ಅದರ ಮರು ಆಪರೇಷನ್ ಪ್ರಮಾಣ ಕಡಿಮೆ. ರೋಬೋಟ್ ಮೂಳೆಯನ್ನು ನಿಖರವಾಗಿ ಕೊಯ್ಯಲು ನೆರವಾಗುತ್ತದೆ, ಆದರೆ ಅನುಭವಿ ಕೈಗೆ ಅದು ಬದಲಿಯಲ್ಲ.

ತಯಾರಿಯಲ್ಲಿ ಮೂರು ಸಂಗತಿ ಬಿಡಬೇಡಿ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 7.5ರ ಆಸುಪಾಸಿಗೆ ಇಳಿಯಲಿ. ಆರು ವಾರ ಮುಂಚೆ ತಂಬಾಕು ನಿಲ್ಲಲಿ. ಹುಳುಕು ಹಲ್ಲು, ಕಾಲ್ಬೆರಳ ಸಂದಿಯ ಹುಣ್ಣು ವಾಸಿಯಾಗಲಿ, ಸೋಂಕು ಅಲ್ಲಿಂದಲೂ ಬರಬಹುದು. ಆದಮೇಲೆ ಎರಡು ವಾರದಲ್ಲಿ 90 ಡಿಗ್ರಿ ಬಗ್ಗುವ ಗುರಿ ಇರಲಿ. ಆರರಿಂದ ಹನ್ನೆರಡು ವಾರದೊಳಗೆ 90 ದಾಟದಿದ್ದರೆ ಅರಿವಳಿಕೆ ಕೊಟ್ಟು ಬಗ್ಗಿಸಬಹುದು, ಅದಕ್ಕಿಂತ ತಡವಾದರೆ ಒಳಗಿನ ಗಾಯದ ಅಂಟು ಗಟ್ಟಿಯಾಗಿಬಿಡುತ್ತದೆ. ಎರಡೂ ಮಂಡಿ ಒಟ್ಟಿಗೆ ಮಾಡಿಸಿದರೆ ಖರ್ಚು ಉಳಿಯುತ್ತದೆ ಎಂದು ನೋವಿಲ್ಲದ ಮಂಡಿಯನ್ನೂ ಸೇರಿಸಬೇಡಿ.

ಹಣದ ಲೆಕ್ಕ

ಕೇಂದ್ರದ ಎನ್‌ಪಿಪಿಎ (ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರ) 2017ರ ಆಗಸ್ಟ್‌ನಲ್ಲಿ ಇಂಪ್ಲಾಂಟ್ ಬೆಲೆಗೆ ಮಿತಿ ಹಾಕಿತು. ಆಗಿನ ದರ ಕೋಬಾಲ್ಟ್ ಕ್ರೋಮಿಯಂಗೆ 54,720 ರೂಪಾಯಿ, ಟೈಟೇನಿಯಂ ಅಥವಾ ಆಕ್ಸಿಡೈಸ್ಡ್ ಜಿರ್ಕೋನಿಯಂಗೆ 76,600, ಮರು ಆಪರೇಷನ್ನಿನದಕ್ಕೆ 1,13,950, ಮೇಲೆ ಜಿಎಸ್‌ಟಿ. ಬಿಲ್ಲಿನಲ್ಲಿ ಇಂಪ್ಲಾಂಟ್‌ಗೆ ಪ್ರತ್ಯೇಕ ಸಾಲು ಇರಲಿ, ಈಗಿನ ಮಿತಿಗೆ ಹೋಲಿಸಿ ನೋಡಿ. ‘ಚಿನ್ನದ ಬಣ್ಣದ್ದು ಮೂವತ್ತು ವರ್ಷ ಗ್ಯಾರಂಟಿ’ ಎಂದರೆ ನಂಬಬೇಡಿ. ನಿಕ್ಕಲ್ ಅಲರ್ಜಿ ಇರುವವರನ್ನು ಬಿಟ್ಟರೆ ಕೋಬಾಲ್ಟ್ ಕ್ರೋಮಿಯಂ ಸಾಕು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು ನೆರವಿದೆ. ನಿಮ್ಮ ಆಪರೇಷನ್ ಅದರೊಳಗೆ ಬರುತ್ತದೆಯೇ, ರೆಫರಲ್ ಬೇಕೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಖಾಸಗಿ ವಿಮೆಯಿದ್ದರೆ ಕೀಲು ಬದಲಾವಣೆಗೆ ಕಾಯುವ ಅವಧಿ ಸಾಮಾನ್ಯವಾಗಿ ಇರುತ್ತದೆ, 2024ರ ನಿಯಮದಂತೆ ಅದು ಗರಿಷ್ಠ 36 ತಿಂಗಳು. ನಲವತ್ತೈದರಲ್ಲಿ ಮಂಡಿ ನೋವು ಶುರುವಾದವರು ಈ ಗಡುವನ್ನು ಲೆಕ್ಕ ಹಾಕಿಕೊಂಡೇ ವ್ಯಾಯಾಮದ ದಾರಿಯಲ್ಲಿ ಸಾಗಬಹುದು.

ನಿಮ್ಮ ಪರಿಸ್ಥಿತಿಗೆ ಯಾವುದು

ನಲವತ್ತೆರಡು ವರ್ಷದ ರೈತ, ಬಾಗಿದ ಕಾಲು, ಒಳಬದಿ ಮಾತ್ರ ಸವೆದಿದೆ, ಆರು ತಿಂಗಳು ಮನೆಯವರು ಹೊಲ ನೋಡಿಕೊಳ್ಳಬಲ್ಲರು ಎಂದಾದರೆ ಮೂಳೆ ತಿದ್ದುವುದು. ಐವತ್ತೆರಡರ ಶಿಕ್ಷಕಿ, ಒಳಬದಿ ಮೂಳೆಗೆ ಮೂಳೆ ತಾಗಿದೆ, ಕಾಲು ಹೆಚ್ಚು ಬಾಗಿಲ್ಲ, ರಜೆ ಎರಡೇ ತಿಂಗಳು ಎಂದಾದರೆ ಅರ್ಧ ಬದಲಾವಣೆ, ಅದೂ ಅದನ್ನೇ ಹೆಚ್ಚು ಮಾಡುವ ಸರ್ಜನ್ ಸಿಕ್ಕಿದರೆ ಮಾತ್ರ. ಸಿಗದಿದ್ದರೆ ಪೂರ್ಣ ಬದಲಾವಣೆಯೇ ಮೇಲು. ಮೂವತ್ತೆಂಟರ ರುಮಟಾಯ್ಡ್ ರೋಗಿ ಹಾಸಿಗೆ ಬಿಟ್ಟು ಏಳಲಾಗದಂತಿದ್ದರೆ ಪೂರ್ಣ ಬದಲಾವಣೆ, ರೋಗ ಔಷಧಿಯ ಹಿಡಿತಕ್ಕೆ ಬಂದ ಮೇಲೆ. ಗ್ರೇಡ್ 2, ತೂಕ ತೊಂಬತ್ತು ಕೆಜಿ ಎಂದಾದರೆ, ಎಷ್ಟೇ ನೋವಿದ್ದರೂ ಮೊದಲು ಹನ್ನೆರಡು ವಾರದ ವ್ಯಾಯಾಮ ಮತ್ತು ತೂಕ ಇಳಿಕೆ.

ಯಾವ ಆಪರೇಷನ್ ಆದರೂ ಇಂಪ್ಲಾಂಟ್ ಪೆಟ್ಟಿಗೆಯ ಸ್ಟಿಕ್ಕರನ್ನು ಕೇಳಿ ಪಡೆಯಿರಿ. ಕಂಪನಿ, ಮಾದರಿ, ಅಳತೆ, ಲಾಟ್ ಸಂಖ್ಯೆ ಅದರಲ್ಲಿರುತ್ತದೆ. ಇಪ್ಪತ್ತು ವರ್ಷದ ನಂತರ ಪ್ಲಾಸ್ಟಿಕ್ ತುಂಡನ್ನಷ್ಟೇ ಬದಲಾಯಿಸಿದರೆ ಸಾಕಾಗುವಾಗ, ಯಾವ ಮಾದರಿಯೆಂದು ಗೊತ್ತಿಲ್ಲದೆ ಗಟ್ಟಿಯಾಗಿ ಕೂತ ಲೋಹವನ್ನೂ ಕಿತ್ತುಹಾಕಬೇಕಾಗಿ ಬರುತ್ತದೆ. ಒಂದು ವರ್ಷಕ್ಕೆ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ನಿಂತ ಎಕ್ಸ್‌ರೇ ತೆಗೆಸಿ. ಪ್ಲಾಸ್ಟಿಕ್ ಪುಡಿಯಿಂದ ಮೂಳೆ ಕರಗುವುದು ಮೊದಮೊದಲು ನೋವಿಲ್ಲದೆಯೇ ನಡೆಯುತ್ತದೆ, ಬೇಗ ಕಂಡರೆ ಚಿಕ್ಕ ಆಪರೇಷನ್ನಿನಲ್ಲೇ ಮುಗಿಯುತ್ತದೆ.